ಇಂಗ್ಲೆಂಡಿನ ಟೀ ರೂಮಿನಲ್ಲಿ ಒಂದು ಮಧ್ಯಾಹ್ನ: ಜಾಗ ಆರಿಸುವುದರಿಂದ ಬಿಲ್ಲು ಕೊಡುವವರೆಗೆ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬಂದಿಳಿಯುವ ನಮ್ಮ ಕಡೆಯ ಹಿರಿಯರನ್ನು ಮೊದಲ ವಾರಾಂತ್ಯದಲ್ಲಿ ಅರಮನೆ, ಸೇತುವೆ, ದೊಡ್ಡ ಗಡಿಯಾರಗಳ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು ವಾಡಿಕೆ. ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಬಂದರೆ ಲಂಡನ್ ಮುಗಿದಂತೆಯೇ. ಎರಡನೆಯ ವಾರಾಂತ್ಯಕ್ಕೆ ನಾನು ಸೂಚಿಸುವುದು ಟೀ ರೂಮನ್ನು. ಅಲ್ಲಿ ನೋಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಕೂರುವುದು, ಕಾಯುವುದು, ಚಹಾ ಬಗ್ಗಿಸಿಕೊಳ್ಳುವುದು, ಮಾತನಾಡುವುದು ಇಷ್ಟೇ. ಆದರೆ ಇಷ್ಟನ್ನೇ ಸರಿಯಾಗಿ ಮಾಡಲು ಕೆಲವು ಸಂಗತಿಗಳು ತಿಳಿದಿರಬೇಕು. ತಿಳಿಯದೆ ಹೋದವರು ಕಹಿ ಚಹಾ ಕುಡಿದು, ಬಿಲ್ಲು ನೋಡಿ ಬೆಚ್ಚಿ, ಇದಕ್ಕಿಂತ ನಮ್ಮೂರಿನ ದರ್ಶಿನಿಯೇ ವಾಸಿ ಎನ್ನುತ್ತ ಹೊರಬರುವುದನ್ನು ಕಂಡಿದ್ದೇನೆ. ಮೊದಲ ಸಲ ನಾನೂ ಹಾಗೆಯೇ ಹೊರಬಂದವನು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳಿ

ಮೆನುವಿನಲ್ಲಿ ಕಾಣುವ ಹೆಸರುಗಳಲ್ಲಿ ಎರಡನ್ನು ಚೆನ್ನಾಗಿ ಗುರುತು ಹಿಡಿಯಬೇಕು. ಕ್ರೀಮ್ ಟೀ ಎಂದರೆ ಚಹಾದಲ್ಲಿ ಕ್ರೀಮ್ ಬೆರೆಸಿದ್ದೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಅದು ಒಂದು ಟೀಪಾಟ್ ಚಹಾ, ಸ್ಕೋನ್ ಎಂಬ ಸಣ್ಣ ಬನ್ನಿನಂಥ ತಿನಿಸು ಎರಡು, ಜ್ಯಾಮ್ ಮತ್ತು ಗಟ್ಟಿ ಕೆನೆ ಸೇರಿದ ಸಣ್ಣ ಉಪಾಹಾರ. ಆಫ್ಟರ್‌ನೂನ್ ಟೀ ಎಂದರೆ ಮೂರು ಅಂತಸ್ತಿನ ತಟ್ಟೆಗೂಡಿನಲ್ಲಿ ಸ್ಯಾಂಡ್‌ವಿಚ್, ಸ್ಕೋನ್, ಕೇಕುಗಳನ್ನು ಪೇರಿಸಿ ತರುವ ದೊಡ್ಡ ಏರ್ಪಾಡು. ನಮ್ಮ ದೇಶದ ದೊಡ್ಡ ಹೋಟೆಲುಗಳು ಇದನ್ನೇ ಹೈ ಟೀ ಎಂದು ಕರೆದು ಗೊಂದಲವೆಬ್ಬಿಸಿವೆ. ಇಂಗ್ಲೆಂಡಿನಲ್ಲಿ ಹೈ ಟೀ ಎಂಬುದು ದುಡಿದು ಬಂದ ಜನ ಸಂಜೆ ಊಟದ ಮೇಜಿಗೆ ಕೂತು ಚಹಾದ ಜೊತೆಗೆ ಮಾಂಸ, ಬ್ರೆಡ್ಡು ತಿನ್ನುತ್ತಿದ್ದ ಹೊಟ್ಟೆತುಂಬುವ ಊಟ. ಇಂದಿಗೂ ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ರಾತ್ರಿಯೂಟಕ್ಕೆ 'ಟೀ' ಎಂದೇ ಹೆಸರು. ಹಾಗಾಗಿ ಆ ಕಡೆಯ ಸ್ನೇಹಿತರು ಆರು ಗಂಟೆಗೆ ಚಹಾಕ್ಕೆ ಬನ್ನಿ ಎಂದು ಕರೆದರೆ ಹಸಿದುಕೊಂಡೇ ಹೋಗಬಹುದು.

ಮಧ್ಯಾಹ್ನದ ಚಹಾದ ಪದ್ಧತಿಯನ್ನು ಆರಂಭಿಸಿದ ಕೀರ್ತಿಯನ್ನು ಬೆಡ್‌ಫರ್ಡ್‌ನ ಏಳನೆಯ ಡಚೆಸ್ ಆ್ಯನಾ ಅವರಿಗೆ ಕೊಡುವುದು ರೂಢಿ. 1840ರ ಸುಮಾರಿಗೆ ಶ್ರೀಮಂತರ ರಾತ್ರಿಯೂಟ ಎಂಟು ಗಂಟೆಯತ್ತ ಸರಿದಿದ್ದರಿಂದ ನಡುವೆ ಹೊಟ್ಟೆ ಚುರುಗುಟ್ಟಿ, ಆಕೆ ಚಹಾ ಮತ್ತು ಬ್ರೆಡ್ಡು ಬೆಣ್ಣೆ ತರಿಸಿಕೊಳ್ಳತೊಡಗಿದರಂತೆ. ಅದು ಅರಮನೆಯ ಮಾತಾಯಿತು. ದುಡ್ಡು ಕೊಟ್ಟು ಯಾರು ಬೇಕಾದರೂ ಹೋಗಿ ಕೂರಬಹುದಾದ ಟೀ ಶಾಪಿನ ಮೂಲ ಬೇರೆ. 1864ರಲ್ಲಿ ಲಂಡನ್ನಿನ ಏರೇಟೆಡ್ ಬ್ರೆಡ್ ಕಂಪನಿ ತನ್ನ ಬ್ರೆಡ್ಡಿನ ಅಂಗಡಿಯಲ್ಲಿ ಚಹಾ ಕೊಡಲಾರಂಭಿಸಿತು. 1894ರಲ್ಲಿ ಲಯನ್ಸ್ ಕಂಪನಿ ಪಿಕಡಿಲಿಯಲ್ಲಿ ತನ್ನ ಮೊದಲ ಟೀ ಶಾಪನ್ನು ತೆರೆಯಿತು. ಗೌರವಸ್ಥ ಹೆಂಗಸು ಗಂಡಸಿನ ಜೊತೆಯಿಲ್ಲದೆ ಹೊರಗೆ ಕೂತು ತಿನ್ನಲು ಸಂಕೋಚಪಡಬೇಕಿದ್ದ ಕಾಲದಲ್ಲಿ, ಹೆಂಡದ ವಾಸನೆಯಿಲ್ಲದ ಈ ಅಂಗಡಿಗಳು ಅವರಿಗೆ ನಿರಾತಂಕವಾದ ಜಾಗಗಳಾದವು, ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರು ಸೇರುತ್ತಿದ್ದ ತಾಣಗಳೂ ಆದವು. ಟೀ ರೂಮಿನಲ್ಲಿ ಇವತ್ತಿಗೂ ಒಬ್ಬಂಟಿಯಾಗಿ ಪುಸ್ತಕ ಹಿಡಿದು ಕೂತ ಹಿರಿಯ ಹೆಂಗಸರು ಕಾಣುವುದುಂಟು. ಅವರನ್ನು ಯಾರೂ ಎಬ್ಬಿಸುವುದಿಲ್ಲ.

ಜಾಗದ ಆಯ್ಕೆ

ಮೊದಲ ಸಲ ಹೋಗುವವರು ಲಂಡನ್ನಿನ ದೊಡ್ಡ ಹೋಟೆಲಿಗೆ ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ರಿಟ್ಜ್‌ನಂಥ ಕಡೆ ವಾರಗಟ್ಟಲೆ ಮೊದಲೇ ಕಾಯ್ದಿರಿಸಬೇಕು, ಗಂಡಸರು ಕೋಟು ಟೈ ಧರಿಸಿಯೇ ಬರಬೇಕು, ಜೀನ್ಸಿಗೂ ಓಟದ ಬೂಟಿಗೂ ಪ್ರವೇಶವಿಲ್ಲ. ಒಬ್ಬರಿಗೆ ಎಪ್ಪತ್ತು ಪೌಂಡಿನ ಮೇಲೆ ಖರ್ಚಾಗುವ ಆ ಕೋಣೆ ಸೊಗಸಾಗಿರುತ್ತದೆ ನಿಜ, ಆದರೆ ಮುಂದಿನ ಸರದಿಯವರು ಬರುವ ಹೊತ್ತು ನಿಗದಿಯಾಗಿರುವುದರಿಂದ ಗಡಿಯಾರ ನೋಡುತ್ತಲೇ ಕುಡಿಯಬೇಕು. ಸಣ್ಣ ಊರಿನ ಟೀ ರೂಮಿನಲ್ಲಿ ಹತ್ತು ಪೌಂಡಿನ ಆಸುಪಾಸಿನಲ್ಲಿ ಕ್ರೀಮ್ ಟೀ ಸಿಗುತ್ತದೆ, ಹೊತ್ತಿನ ಹಂಗೂ ಕಡಿಮೆ.

ಕೇಂಬ್ರಿಜ್ ಕಡೆಗೆ ಹೋಗುವವರಿಗೆ ಗ್ರಾಂಟ್‌ಚೆಸ್ಟರ್ ಹಳ್ಳಿಯ 'ದಿ ಆರ್ಚರ್ಡ್' ಇದೆ. 1897ರಲ್ಲಿ ಕೆಲವು ವಿದ್ಯಾರ್ಥಿಗಳು, ನಮಗೆ ಚಹಾವನ್ನು ಮನೆಯ ಮುಂದಿನ ಹುಲ್ಲುಹಾಸಿಗೆ ಬದಲು ಹೂಬಿಟ್ಟ ಹಣ್ಣಿನ ಮರಗಳ ಕೆಳಗೆ ಕೊಡುವಿರಾ ಎಂದು ಕೇಳಿದ್ದರಿಂದ ಶುರುವಾದ ಪದ್ಧತಿ ಅಲ್ಲಿ ಇಂದಿಗೂ ನಡೆದಿದೆ. ಕ್ಯಾಮ್ ನದಿಯ ಪಕ್ಕದ ಹುಲ್ಲುಗಾವಲಿನಲ್ಲಿ ಮುಕ್ಕಾಲು ಗಂಟೆ ನಡೆದು ಹೋಗಿ, ಬಟ್ಟೆಯ ಒರಗು ಕುರ್ಚಿಯಲ್ಲಿ ಮರದಡಿ ಕೂರಬೇಕು. ಕುರ್ಚಿ ಬಹಳ ತಗ್ಗು; ಮಂಡಿ ನೋವಿರುವ ಹಿರಿಯರಿಗೆ ಏಳುವುದು ಕಷ್ಟ, ಅವರಿಗೆ ಒಳಗಿನ ಮೇಜೇ ಸರಿ. ಬಾತ್ ನಗರದಲ್ಲಿ ಪಂಪ್ ರೂಮ್ ಎಂಬ ಹಳೆಯ ಸಭಾಂಗಣದಲ್ಲಿ ಸಂಗೀತ ಕೇಳುತ್ತ ಚಹಾ ಕುಡಿಯಬಹುದು. ಅಲ್ಲೇ ಹತ್ತಿರದ ಸ್ಯಾಲಿ ಲನ್ ಮನೆಯಲ್ಲಿ ಅಂಗೈಗಿಂತ ಅಗಲದ ಮೆದು ಬನ್ನು ಸಿಗುತ್ತದೆ.

ಉತ್ತರದ ಯಾರ್ಕ್‌ಶೈರಿನಲ್ಲಿ ಬೆಟ್ಟೀಸ್ ಹೆಸರೇ ಮೊದಲು ಕೇಳಿಬರುವುದು. ಅಪ್ಪಟ ಇಂಗ್ಲಿಷ್ ಎಂದು ಎಲ್ಲರೂ ಹೊಗಳುವ ಈ ಟೀ ರೂಮನ್ನು 1919ರಲ್ಲಿ ಹ್ಯಾರೊಗೇಟ್‌ನಲ್ಲಿ ಆರಂಭಿಸಿದವರು ಫ್ರೆಡೆರಿಕ್ ಬೆಲ್ಮಾಂಟ್ ಎಂಬ ಸ್ವಿಸ್ ಮಿಠಾಯಿಗಾರರು. ಯಾರ್ಕ್ ನಗರದ ಶಾಖೆ 1930ರ ದಶಕದ್ದು. ಕ್ವೀನ್ ಮೇರಿ ಹಡಗಿನ ಒಳಾಂಗಣವನ್ನು ಮೆಚ್ಚಿ ಆ ಮಾದರಿಯಲ್ಲೇ ಅದನ್ನು ಕಟ್ಟಿಸಿದರು. ಅದರ ನೆಲಮಾಳಿಗೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಸೈನಿಕರು ವಜ್ರದ ಮೊನೆಯಿಂದ ನೂರಾರು ಹೆಸರುಗಳನ್ನು ಕೊರೆದ ಕನ್ನಡಿಯೊಂದು ಉಳಿದಿದೆ. ಶನಿವಾರ ಮಧ್ಯಾಹ್ನ ಅಲ್ಲಿ ಬೀದಿಯವರೆಗೆ ಸರತಿ ಸಾಲಿರುತ್ತದೆ. ವಾರದ ನಡುವಿನ ದಿನ ಹೋಗುವುದು ಮೇಲು.

ಇವೆಲ್ಲ ಹೆಸರಾದ ಜಾಗಗಳು. ಹೆಸರಿಲ್ಲದ ಊರಿನ ಟೀ ರೂಮು ಒಳ್ಳೆಯದೋ ಅಲ್ಲವೋ ಎಂಬುದನ್ನು ಬಾಗಿಲಲ್ಲೇ ತಿಳಿಯಲು ನಾನು ಎರಡನ್ನು ನೋಡುತ್ತೇನೆ. ಸ್ಕೋನುಗಳು ಗಾಜಿನ ಗುಮ್ಮಟದಡಿ ಬರಿದಾಗಿ ಕೂತಿವೆಯೋ, ಪ್ಲಾಸ್ಟಿಕ್ ಸುತ್ತಿಕೊಂಡಿವೆಯೋ. ಮೇಜುಗಳ ಮೇಲೆ ಟೀಪಾಟಿನ ಜೊತೆಗೆ ಎರಡನೆಯ ಜಗ್ಗು ಇದೆಯೋ ಇಲ್ಲವೋ. ಎರಡನೆಯ ಜಗ್ಗಿನ ಮಹಿಮೆ ಮುಂದೆ ಬರುತ್ತದೆ.

ಹೊತ್ತು

ನಮ್ಮಲ್ಲಿ ಸಂಜೆ ಐದೂವರೆ ಆರಕ್ಕೆ ಹೋಟೆಲು ತುಂಬಿರುವ ಹೊತ್ತು. ಅಲ್ಲಿ ಆ ಹೊತ್ತಿಗೆ ಟೀ ರೂಮಿನ ಕುರ್ಚಿಗಳು ಮೇಜಿನ ಮೇಲೇರಿರುತ್ತವೆ. ಸಣ್ಣ ಊರುಗಳಲ್ಲಿ ನಾಲ್ಕೂವರೆ ಐದಕ್ಕೆ ಬಾಗಿಲು ಹಾಕುತ್ತಾರೆ, ಅದಕ್ಕೂ ಅರ್ಧ ಗಂಟೆ ಮೊದಲೇ ಅಡುಗೆಮನೆ ಮುಚ್ಚುತ್ತಾರೆ. ಒಂದು ಸಲ ನನ್ನ ತಂದೆತಾಯಿಯನ್ನು ಎರಡು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರತೀರದ ಒಂದು ಊರಿಗೆ ಹೋಗಿ, ನಾಲ್ಕೂಕಾಲಕ್ಕೆ ಟೀ ರೂಮಿನ ಒಳಹೊಕ್ಕಾಗ, ಸ್ಕೋನ್ ಮುಗಿದಿದೆ, ಚಹಾ ಮಾತ್ರ ಕೊಡಬಲ್ಲೆವು, ಅದನ್ನೂ ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕು ಎಂದರು. ನಮ್ಮ ತಂದೆಯವರು ಇಂದಿಗೂ ಆ ಪ್ರಯಾಣವನ್ನು ನೆನೆದು ನಗುತ್ತಾರೆ. ಎರಡೂವರೆಯಿಂದ ಮೂರೂವರೆಯ ನಡುವೆ ಒಳಗಿರುವಂತೆ ನೋಡಿಕೊಳ್ಳಿ. ಆಫ್ಟರ್‌ನೂನ್ ಟೀ ಬೇಕಿದ್ದರೆ ಸಣ್ಣ ಜಾಗದಲ್ಲೂ ಒಂದು ದಿನ ಮೊದಲೇ ಹೇಳಿಡಬೇಕಾಗುತ್ತದೆ, ಕ್ರೀಮ್ ಟೀಗೆ ಸಾಮಾನ್ಯವಾಗಿ ಬೇಕಿಲ್ಲ. ಆ ದಿನ ಮಧ್ಯಾಹ್ನದ ಊಟವನ್ನು ಹಗುರ ಮಾಡಿ ಅಥವಾ ಬಿಟ್ಟೇಬಿಡಿ. ಸಾರು ಅನ್ನ ಉಂಡು ಹೋಗಿ ಮೂರು ಅಂತಸ್ತಿನ ತಟ್ಟೆಯ ಮುಂದೆ ನಿಟ್ಟುಸಿರುಬಿಡುವುದು ವ್ಯರ್ಥ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ಸಸ್ಯಾಹಾರಿ ಎಂಬ ಗುರುತಿದ್ದರೆ ಅದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ಬರೀ ಸಸ್ಯಾಹಾರಿ ಎಂದು ಹೇಳಿ ಸುಮ್ಮನಾಗಬಾರದು. ಮೊಟ್ಟೆ ಬೇಡ ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿನ ಕಾನೂನಿನ ಪ್ರಕಾರ ಹದಿನಾಲ್ಕು ಅಲರ್ಜಿಕಾರಕ ಪದಾರ್ಥಗಳ ವಿವರವನ್ನು ತಿನಿಸು ಮಾರುವವರು ಕೊಡಲೇಬೇಕಾಗಿರುವುದರಿಂದ, ಮೊಟ್ಟೆ, ಹಾಲು, ಮೀನುಗಳ ಬಗ್ಗೆ ಕೇಳಿದರೆ ಪಟ್ಟಿಯನ್ನೇ ತಂದು ತೋರಿಸುತ್ತಾರೆ, ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಆದರೆ ಒಂದು ಸೂಕ್ಷ್ಮವಿದೆ: ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆಯುವ ಜೆಲಟಿನ್ ಮತ್ತು ಹಂದಿಯ ಕೊಬ್ಬು ಆ ಹದಿನಾಲ್ಕರ ಪಟ್ಟಿಯಲ್ಲಿಲ್ಲ. ತಟ್ಟೆಗೂಡಿನ ಮೇಲಂತಸ್ತಿನಲ್ಲಿ ಪುಟ್ಟ ಗಾಜಿನ ಲೋಟದಲ್ಲಿ ಬರುವ ಮೂಸ್, ಜೆಲ್ಲಿ, ಮಾರ್ಷ್‌ಮ್ಯಾಲೊಗಳಲ್ಲಿ ಜೆಲಟಿನ್ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಅದನ್ನು ಹೆಸರಿಟ್ಟೇ ಕೇಳಬೇಕು. ಚೀಸ್ ಹಚ್ಚಿ ಸುಟ್ಟ ಬ್ರೆಡ್ಡಿಗೆ ಹಾಕುವ ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ನಿಂಬೆಯ ಕರ್ಡ್ ಎಂಬ ಹಳದಿ ಲೇಪದಲ್ಲಿ ಮೊಟ್ಟೆಯಿರುತ್ತದೆ, ಹೆಸರು ಕೇಳಿ ಮೊಸರೆಂದುಕೊಳ್ಳಬೇಡಿ. ಸ್ಕೋನಿನ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಆದರೆ ಮೇಲ್ಮೈ ಹೊಳೆಯಲೆಂದು ಮೊಟ್ಟೆ ಸವರುವವರು ಬಹಳ. ಮೊಟ್ಟೆ ಹಾಲು ಎರಡೂ ಇಲ್ಲದ ವೀಗನ್ ಸ್ಕೋನನ್ನು ಈಗ ಹಲವು ಕಡೆ ಇಟ್ಟಿರುತ್ತಾರೆ.

ಸ್ಯಾಂಡ್‌ವಿಚ್ಚುಗಳಲ್ಲಿ ಬೆಣ್ಣೆ ಹಚ್ಚಿ ಸೌತೆಕಾಯಿಯ ತೆಳು ಬಿಲ್ಲೆಗಳಿಟ್ಟದ್ದು ನಮಗೆ ನಿರಾತಂಕ. ಚೀಸ್ ಮತ್ತು ಚಟ್ನಿ ಎಂದು ಬರೆದಿದ್ದರೆ ಅದು ನಮ್ಮ ಚಟ್ನಿಯಲ್ಲ. ಸಕ್ಕರೆ, ವಿನೆಗರ್ ಹಾಕಿ ಕುದಿಸಿದ ಹಣ್ಣು ತರಕಾರಿಯ ಒಂದು ಬಗೆಯ ಸಿಹಿ ಗೊಜ್ಜು. ಚೆನ್ನಾಗಿಯೇ ಇರುತ್ತದೆ.

ಯಾವ ಚಹಾ

ಬರೀ 'ಟೀ' ಎಂದರೆ ಸಾಮಾನ್ಯವಾಗಿ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಎಂಬ ಮಿಶ್ರಣ ಬರುತ್ತದೆ, ಬಹುಪಾಲು ಚೀಲದಲ್ಲೇ ಬರುತ್ತದೆ. ಬಿಡಿ ಎಲೆಯ ಚಹಾ ಇದೆಯೇ ಎಂದು ಕೇಳಿ. ಟೀ ರೂಮಿಗೆ ಬಂದದ್ದೇ ಅದಕ್ಕಾಗಿ. ನಮ್ಮ ನಾಲಿಗೆಗೆ ಹತ್ತಿರವಾದದ್ದು ಅಸ್ಸಾಮ್, ಹಾಲನ್ನು ತಡೆದುಕೊಳ್ಳುವ ಕಸುವು ಅದಕ್ಕಿದೆ. 1839ರಲ್ಲಿ ಲಂಡನ್ನಿನಲ್ಲಿ ಅಸ್ಸಾಮಿನ ಚಹಾದ ಮೊದಲ ಹರಾಜು ನಡೆಯುವವರೆಗೆ ಇಂಗ್ಲೆಂಡ್ ಕುಡಿಯುತ್ತಿದ್ದುದು ಚೀನಾದ ಎಲೆಯನ್ನು, ಹಾಗಾಗಿ ಹಾಲು ಬೆರೆಸಿದ ಈ ಕಡುಕಂದು ಚಹಾ ಅಲ್ಲಿಯ ಸಂಪ್ರದಾಯವಾಗುವಲ್ಲಿ ನಮ್ಮ ದೇಶದ ಎಲೆಗೆ ದೊಡ್ಡ ಪಾಲಿದೆ. ಡಾರ್ಜಿಲಿಂಗಿಗೆ ಹಾಲು ಹಾಕಬೇಡಿ, ಅದರ ಪರಿಮಳ ಸತ್ತುಹೋಗುತ್ತದೆ. ಅರ್ಲ್ ಗ್ರೇ ಎಂಬುದರಲ್ಲಿ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆಯ ವಾಸನೆಯಿರುತ್ತದೆ. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿದವರಿಗೆ ಅದರ ಅಂದಾಜಾಗುತ್ತದೆ. ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸಿದ ಲಪ್ಸಾಂಗ್ ಸೂಷಾಂಗ್ ನನ್ನ ತಾಯಿಗೆ ಒಲೆಯ ಮುಂದೆ ಕೂತಂತೆ ಅನ್ನಿಸಿ ಅವರು ಬಟ್ಟಲನ್ನು ದೂರ ಸರಿಸಿದರು.

ಟೀಪಾಟ್ ಮೇಜಿಗೆ ಬಂದ ಮೇಲೆ

ನಾವು ತಪ್ಪುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ನಮ್ಮ ಚಹಾ ಕುದಿಸಿದ್ದು; ಹಾಲು, ಸೊಪ್ಪು, ಸಕ್ಕರೆ ಎಲ್ಲ ಒಟ್ಟಿಗೆ ಒಲೆಯ ಮೇಲೆ ಮಿಂದು ಬಂದದ್ದು. ಅಲ್ಲಿಯದು ನೆನೆಸಿದ್ದು. ಅದನ್ನು ಫಿಲ್ಟರ್ ಕಾಫಿಯ ಡಿಕಾಕ್ಷನ್ನಿನಂತೆ ಭಾವಿಸಿದರೆ ಅರ್ಧ ಅರ್ಥವಾದಂತೆ: ಇಳಿಯಲು ಹೊತ್ತು ಬೇಕು, ಆತುರಪಟ್ಟರೆ ನೀರು, ಮರೆತರೆ ಕಹಿ.

ಮೇಜಿಗೆ ಬರುವ ಸಾಮಾನು ಹೀಗಿರುತ್ತದೆ: ಕುದಿನೀರೂ ಎಲೆಯೂ ಇರುವ ಟೀಪಾಟ್, ಬರೀ ಬಿಸಿನೀರಿನ ಇನ್ನೊಂದು ಜಗ್ಗು, ಪುಟ್ಟ ಹೂಜಿಯಲ್ಲಿ ಹಾಲು, ಸೋಸುವ ಜಾಲರಿ, ಸಕ್ಕರೆ, ಕಪ್ಪು ಮತ್ತು ಬಸಿ. ಹಾಲು ತಣ್ಣಗಿರುತ್ತದೆ. ಮರೆತು ತಣ್ಣನೆಯ ಹಾಲು ತಂದಿದ್ದಾರೆಂದು ವಾಪಸು ಕಳಿಸಬೇಡಿ, ಪದ್ಧತಿಯೇ ಹಾಗೆ. ನನ್ನ ತಾಯಿ ಮೊದಲ ಸಲ, ಹಾಲು ಕಾಯಲಿ ಎಂಬ ಒಳ್ಳೆಯ ಉದ್ದೇಶದಿಂದ, ಹೂಜಿಯ ಹಾಲನ್ನೆಲ್ಲ ಟೀಪಾಟಿಗೇ ಸುರಿದು ಮುಚ್ಚಳ ಮುಚ್ಚಿದ್ದರು. ಬಡಿಸುವ ಹುಡುಗಿ ಅದನ್ನು ನೋಡಿಯೂ ನೋಡದಂತೆ ಇನ್ನೊಂದು ಹೂಜಿ ಹಾಲು ತಂದಿಟ್ಟು ಹೋದಳು.

ಎಲೆಯನ್ನು ಮೂರರಿಂದ ಐದು ನಿಮಿಷ ನೆನೆಯಲು ಬಿಡಿ. 1980ರಲ್ಲಿ ಬ್ರಿಟನ್ನಿನ ಮಾನಕ ಸಂಸ್ಥೆ ಚಹಾದ ದ್ರಾವಣ ತಯಾರಿಸುವುದಕ್ಕೇ ಒಂದು ಮಾನಕ ಹೊರಡಿಸಿ, 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ಆರು ನಿಮಿಷ ಎಂದು ನಿಗದಿ ಮಾಡಿತು. ಅದು ರುಚಿ ಪರೀಕ್ಷಕರಿಗಾಗಿ ಮಾಡಿದ್ದು, ಮನೆಮಂದಿಗೆ ಅಷ್ಟು ಕಡುಪು ಬೇಕಿಲ್ಲ. ನಂತರ ಜಾಲರಿಯನ್ನು ಕಪ್ಪಿನ ಮೇಲಿಟ್ಟು ಮುಕ್ಕಾಲು ಭಾಗ ಬಗ್ಗಿಸಿ, ಬಣ್ಣ ನೋಡಿಕೊಂಡು ಹಾಲು ಸೇರಿಸಿ. ಹಾಲು ಮೊದಲೋ ಚಹಾ ಮೊದಲೋ ಎಂಬ ಜಗಳ ಅಲ್ಲಿ ತಲೆಮಾರುಗಳಿಂದ ನಡೆದಿದೆ, ಮೇಲೆ ಹೇಳಿದ ಮಾನಕ ಹಾಲಿನ ಪರ. ನಾನು ಚಹಾದ ಪರ. ಎಷ್ಟು ಹಾಲು ಬೇಕೆಂದು ಬಣ್ಣವೇ ಹೇಳುತ್ತದೆ.

ಮೊದಲ ಕಪ್ಪಿನ ಹೊತ್ತಿಗೆ ಚಹಾ ಹದವಾಗಿರುತ್ತದೆ, ಎರಡನೆಯ ಕಪ್ಪಿಗೆ ಕಡುವಾಗುತ್ತದೆ, ಮೂರನೆಯದಕ್ಕೆ ಬಾಯಿ ಒಗರಾಗುತ್ತದೆ, ಏಕೆಂದರೆ ಎಲೆ ಇನ್ನೂ ಒಳಗೇ ಇದೆ. ಆ ಎರಡನೆಯ ಜಗ್ಗಿನ ಕೆಲಸ ಈಗ. ಮೊದಲ ಸುತ್ತು ಬಗ್ಗಿಸಿದ ಮೇಲೆ ಅದರ ಬಿಸಿನೀರನ್ನು ಟೀಪಾಟಿಗೆ ಸುರಿದು ಮತ್ತೆ ಎರಡು ನಿಮಿಷ ಬಿಡಬೇಕು, ಕಡುವೆನಿಸಿದರೆ ನೇರ ಕಪ್ಪಿಗೂ ಬೆರೆಸಬಹುದು. ಜಗ್ಗು ಬರದಿದ್ದರೆ ಕೇಳಿ. ಅದಕ್ಕೆ ಹಣ ಹಾಕುವುದಿಲ್ಲ.

ಬಗ್ಗಿಸುವವರು ಯಾರು ಎಂಬುದಕ್ಕೂ ಅಲ್ಲೊಂದು ಮಾತಿದೆ. ಮೇಜಿನಲ್ಲಿ ಒಬ್ಬರು ಟೀಪಾಟಿನ ಹಿಡಿಗೆ ಕೈಹಾಕುತ್ತ 'ನಾನು ತಾಯಿಯಾಗಲೇ' ಎಂದು ಕೇಳುತ್ತಾರೆ. ಗಂಡಸರೂ ಹಾಗೆಯೇ ಕೇಳುತ್ತಾರೆ. ಎಲ್ಲರಿಗೂ ಬಗ್ಗಿಸಿ ಕೊನೆಗೆ ತನಗೆ ಬಗ್ಗಿಸಿಕೊಳ್ಳುವುದು ತಾಯಿಯ ಕೆಲಸ. ಇದನ್ನು ವಿವರಿಸಿದಾಗ ನನ್ನ ತಾಯಿ, ಇದರಲ್ಲಿ ಕೇಳುವುದೇನು ಬಂತು ಎಂದು ಟೀಪಾಟನ್ನು ತಮ್ಮತ್ತ ಎಳೆದುಕೊಂಡರು. ಕಿರುಬೆರಳನ್ನು ಮೇಲೆತ್ತಿ ಹಿಡಿಯುವುದು ನಾಟಕದವರ ಚಾಳಿ, ಅದು ಬೇಡ. ಚಮಚವನ್ನು ಕಪ್ಪಿಗೆ ತಾಗದಂತೆ ಹಿಂದಕ್ಕೂ ಮುಂದಕ್ಕೂ ಆಡಿಸಿ ಬಸಿಯ ಮೇಲಿಡಿ. ಬಸಿಗೆ ಸುರಿದು ಸೊರ್ರೆಂದು ಕುಡಿಯುವ ನಮ್ಮ ಅಜ್ಜಂದಿರ ಪದ್ಧತಿ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಸರ್ವೇಸಾಮಾನ್ಯವಾಗಿತ್ತು. ಈಗ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ನೋಡುತ್ತಾರೆ.

ಸ್ಕೋನ್

ಒಳ್ಳೆಯ ಸ್ಕೋನಿನ ನಡುವಿನಲ್ಲಿ ಸುತ್ತ ಒಂದು ಬಿರುಕು ಇರುತ್ತದೆ. ಒಲೆಯಲ್ಲಿ ಉಬ್ಬುವಾಗ ತಾನಾಗಿ ಬಿಟ್ಟ ಆ ಬಿರುಕಿನಲ್ಲಿ ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ತಿರುಚಿದರೆ ಅದು ಮೇಲುಕೆಳಗಾಗಿ ಎರಡು ಹೋಳಾಗುತ್ತದೆ. ಚಾಕುವಿನಿಂದ ಕೊಯ್ದರೆ ಒಳಗಿನ ಪದರ ಅಮುಕಿ ಹಿಟ್ಟಾಗುತ್ತದೆ, ಚಾಕು ಇರುವುದು ಜ್ಯಾಮ್ ಹಚ್ಚಲು. ಮುರಿದಾಗ ಸಣ್ಣಗೆ ಹಬೆ ಬಂದರೆ ಆ ದಿನದ್ದೆಂದು ಭಾವಿಸಬಹುದು, ಆದರೆ ನಿನ್ನೆಯದನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೂ ಹಬೆ ಬರುತ್ತದೆ. ಅಂಥದ್ದು ಐದು ನಿಮಿಷದಲ್ಲಿ ರಬ್ಬರಿನಂತಾಗಿ ಗುಟ್ಟು ಬಿಟ್ಟುಕೊಡುತ್ತದೆ.

ಕ್ಲಾಟೆಡ್ ಕ್ರೀಮ್ ಎಂದರೇನೆಂದು ಬೇರೆಯವರಿಗೆ ವಿವರಿಸಲು ಕಷ್ಟ, ನಮಗೆ ಸುಲಭ: ಅದು ಕೆನೆ. ಕೊಬ್ಬು ಹೆಚ್ಚಿರುವ ಕ್ರೀಮನ್ನು ಅಗಲ ಪಾತ್ರೆಯಲ್ಲಿ ಗಂಟೆಗಟ್ಟಲೆ ಸಣ್ಣ ಶಾಖದಲ್ಲಿಟ್ಟು, ಅಲುಗಿಸದೆ ಆರಲು ಬಿಟ್ಟು, ಮೇಲೆ ಕಟ್ಟಿದ ಗಟ್ಟಿ ಪದರವನ್ನು ತೆಗೆಯುತ್ತಾರೆ. ಕೆಂಡದ ಮೇಲೆ ಹಾಲಿನ ಗಡಿಗೆಯಿಟ್ಟು ಸಂಜೆ ಕೆನೆ ತೆಗೆದಿಡುತ್ತಿದ್ದ ಮನೆಗಳಲ್ಲಿ ಬೆಳೆದವರು ಅದರ ಮೇಲಿನ ಹೊನ್ನಿನ ಬಣ್ಣದ ಹೊಪ್ಪಳೆಯನ್ನು ಕಂಡೊಡನೆ ಗುರುತಿಸುತ್ತಾರೆ. ಕಾರ್ನ್‌ವಾಲಿನ ಕ್ಲಾಟೆಡ್ ಕ್ರೀಮಿಗೆ 1998ರಿಂದ ಮೂಲಸ್ಥಾನದ ರಕ್ಷಣೆಯಿದ್ದು, ಅದರಲ್ಲಿ ಕನಿಷ್ಠ ಶೇಕಡಾ 55ರಷ್ಟು ಕೊಬ್ಬಿರಬೇಕು. ಡಬ್ಬಿಯಿಂದ ಬುಸ್ಸೆಂದು ಉಗುಳಿಸಿದ ನೊರೆ ಕ್ರೀಮನ್ನು ತಂದಿಟ್ಟರೆ ಆ ಟೀ ರೂಮಿಗೆ ಮತ್ತೆ ಹೋಗಬೇಕಿಲ್ಲ.

ಇನ್ನು ಹಚ್ಚುವ ಕ್ರಮ. ಡೆವನ್ನಿನವರು ಮೊದಲು ಕೆನೆ, ಅದರ ಮೇಲೆ ಜ್ಯಾಮ್ ಎನ್ನುತ್ತಾರೆ; ನೆರೆಯ ಕಾರ್ನ್‌ವಾಲಿನವರು ಮೊದಲು ಜ್ಯಾಮ್, ಮೇಲೆ ಕೆನೆ. ನೀವು ಯಾವ ಜಿಲ್ಲೆಯಲ್ಲಿ ಕೂತಿದ್ದೀರೋ ಆ ಜಿಲ್ಲೆಯ ಕ್ರಮ ಹಿಡಿದರೆ ಕ್ಷೇಮ. ಬೇರೆಡೆ ಸ್ಕೋನಿನ ಬಿಸಿ ನೋಡಿ ನಿರ್ಧರಿಸಿ: ಬಿಸಿಯಿದ್ದರೆ ಕೆನೆ ಕರಗಿ ಜಾರುವುದರಿಂದ ಜ್ಯಾಮ್ ಮೊದಲಿರಲಿ. ಎರಡು ಹೋಳುಗಳನ್ನು ಮತ್ತೆ ಮುಚ್ಚಿ ವಡಾಪಾವಿನಂತೆ ಕಚ್ಚುವುದು ಸಲ್ಲದು, ಒಂದೊಂದನ್ನೂ ಬೇರೆಯಾಗಿ ತಿನ್ನಬೇಕು.

ತಟ್ಟೆಗೂಡು ತರಿಸಿದವರು ಕೆಳಗಿನ ಸ್ಯಾಂಡ್‌ವಿಚ್ಚಿನಿಂದ ಮೇಲಿನ ಕೇಕಿನವರೆಗೆ ಏರುತ್ತ ಹೋದರೆ ಸಾಕು. ಸ್ಕೋನ್ ಆರುತ್ತಿದ್ದರೆ ಅದನ್ನು ಮೊದಲು ಮುಗಿಸಿದರೂ ತಪ್ಪಲ್ಲ. ಉಳಿದ ಕೇಕನ್ನು ಕಟ್ಟಿಕೊಡಲು ಡಬ್ಬಿ ಕೇಳಬಹುದು.

ಬಿಲ್ಲು, ಮತ್ತು ಮನೆಗೊಯ್ಯುವುದು

ಬಿಲ್ಲನ್ನು ನೀವಾಗಿ ಕೇಳುವವರೆಗೆ ಹೆಚ್ಚಿನ ಕಡೆ ತರುವುದಿಲ್ಲ. ಕೆಲವು ಸಣ್ಣ ಟೀ ರೂಮುಗಳಲ್ಲಿ ಎದ್ದು ಗಲ್ಲಾಪೆಟ್ಟಿಗೆಯ ಬಳಿಗೇ ಹೋಗಿ ಕೊಡಬೇಕು, ಸುಮ್ಮನೆ ಕಾಯುತ್ತ ಕೂತರೆ ಕತ್ತಲಾಗುತ್ತದೆ. ಲಂಡನ್ನಿನಲ್ಲಿ ಶೇಕಡಾ 12.5ರಷ್ಟು ಸೇವಾಶುಲ್ಕ ಬಿಲ್ಲಿನಲ್ಲೇ ಸೇರಿರುವುದು ಸಾಮಾನ್ಯ; ಅದು ಐಚ್ಛಿಕವೆಂದು ಬರೆದಿದ್ದರೆ ತೆಗೆಯಿರೆಂದು ಕೇಳುವ ಹಕ್ಕು ನಿಮಗಿದೆ. ಸೇರಿಸದ ಕಡೆ ಹತ್ತರಲ್ಲೊಂದು ಪಾಲು ಬಿಟ್ಟುಬಂದರೆ ಮರ್ಯಾದೆ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಈ ಹಣವೆಲ್ಲ ಕೆಲಸಗಾರರಿಗೇ ಸೇರಬೇಕು.

ಊರಿಗೆ ಕೆನೆಯ ಡಬ್ಬಿ ಒಯ್ಯುವ ಆಸೆ ಬಿಡಿ, ತಣ್ಣಗಿರದಿದ್ದರೆ ಕೆಡುತ್ತದೆ. ಚಹಾದ ಪೊಟ್ಟಣ ಒಯ್ಯಬಹುದು, ಆದರೆ ನೀರನ್ನು ನೋಡಿ ಆರಿಸಿ. ಗಡಸು ನೀರಿನಲ್ಲಿ ಚಹಾ ಮಂಕಾಗಿ ಮೇಲೆ ಪೊರೆ ಕಟ್ಟುತ್ತದೆ, ಲಂಡನ್ನಿನ ನೀರೂ ಅಂಥದ್ದೇ. ಬೆಟ್ಟೀಸ್ ಜೊತೆ 1962ರಲ್ಲಿ ಒಂದಾದ ಟೇಲರ್ಸ್ ಕಂಪನಿ ತನ್ನ ಯಾರ್ಕ್‌ಶೈರ್ ಟೀಯಲ್ಲಿ ಗಡಸು ನೀರಿಗೆಂದೇ ಬೇರೆ ಮಿಶ್ರಣವೊಂದನ್ನು ಮಾರುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಮನೆಯಿದ್ದರೆ ಅದನ್ನೇ ಕೊಳ್ಳಿ. ಕಾವೇರಿ ನೀರು ಬರುವ ಮನೆಗೆ ಮಾಮೂಲಿನದೇ ಸಾಕು.